ಅಂಗಡಿ ಬಾಗಿಲಿನ ಬೋರ್ಡು, ಒಂಬತ್ತು ಜಡ್ಜುಗಳು, ಅಮೆರಿಕದ ಬಂದೂಕು

ಪ್ಲೇನೋ ಪದ್ಮ

ಎಲ್ಲರಿಗೂ ನಮಸ್ಕಾರ. ಶನಿವಾರ ದೋಸೆ ಅಕ್ಕಿ ಮುಗಿದಿತ್ತು ಅಂತ ಇಲ್ಲಿನ ಇಂಡಿಯನ್ ಅಂಗಡಿಗೆ ಹೋಗಿದ್ದೆ. ಬಾಗಿಲ ಗಾಜಿನ ಮೇಲೆ "ತಾಜಾ ಕರಿಬೇವು ಬಂದಿದೆ" ಅನ್ನೋ ಕೈಬರಹದ ಚೀಟಿ. ಅದರ ಪಕ್ಕದಲ್ಲೇ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಒಂದೊಂದು ಇಂಚಿನ ಅಕ್ಷರದಲ್ಲಿ ಎರಡು ಉದ್ದುದ್ದ ಬೋರ್ಡು. ಟೆಕ್ಸಸ್‌ನಲ್ಲಿರೋರಿಗೆ ಗೊತ್ತು, ಒಂದು 30.06, ಇನ್ನೊಂದು 30.07, ಕಾನೂನಿನ ಸೆಕ್ಷನ್ ನಂಬರು. ಬಟ್ಟೆಯೊಳಗೆ ಬಚ್ಚಿಟ್ಟುಕೊಂಡ ಬಂದೂಕೂ ಒಳಗೆ ತರಬೇಡಿ, ಸೊಂಟದಲ್ಲಿ ಕಾಣೋ ಹಾಗೆ ಸಿಕ್ಕಿಸಿಕೊಂಡಿದ್ದೂ ತರಬೇಡಿ ಅಂತ. ಹನ್ನೆರಡು ವರ್ಷದಿಂದ ಆ ಬಾಗಿಲಲ್ಲಿ ಓಡಾಡಿದೀನಿ, ಒಂದು ದಿನಾನೂ ಓದಿರಲಿಲ್ಲ. ಮಗಳು ಓದಿದಳು. ಓದಿ, "ಪಕ್ಕದ ಅಂಗಡಿಗೆ ಯಾಕಮ್ಮ ಬೋರ್ಡಿಲ್ಲ? ಅಲ್ಲಿಗೆ ತರಬಹುದಾ?" ಅಂದಳು.

ತರಬಹುದು. ಬೋರ್ಡ್ ಇಲ್ಲ ಅಂದ್ರೆ ನಮ್ಮ ರಾಜ್ಯದಲ್ಲಿ "ಬನ್ನಿ" ಅಂತ ಅರ್ಥ. 2021ರ ಸೆಪ್ಟೆಂಬರ್‌ನಿಂದ 21 ತುಂಬಿದವರಿಗೆ ಲೈಸೆನ್ಸ್ ಕೂಡ ಬೇಡ. ಹವಾಯಿಯಲ್ಲಿ ಇದು ಉಲ್ಟಾ ಅಂತೆ, ಮಾಲೀಕ ಸ್ಪಷ್ಟವಾಗಿ ಹೂಂ ಅಂದ್ರೆ ಮಾತ್ರ ಬಂದೂಕು ಹಿಡಿದು ಒಳಗೆ ಹೋಗಬಹುದು. ಆ ಹವಾಯಿ ಕಾನೂನಿನ ಕೇಸನ್ನ 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೈಗೆತ್ತಿಕೊಂಡಿತು. ನಮ್ಮನೆಯವರು ಸೋಫಾ ಮೇಲೆ ಒರಗಿಕೊಂಡೇ ತೀರ್ಪು ಕೊಟ್ಟುಬಿಟ್ರು: "ಆರು ಮೂರು, ಬರೆದಿಟ್ಕೋ."

ಒಂಬತ್ತು ಜಡ್ಜುಗಳಲ್ಲಿ ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದ ಆರು ಜನ ಬಂದೂಕಿನ ಪರ, ಡೆಮಾಕ್ರಟ್ ನೇಮಕದ ಮೂವರು ವಿರುದ್ಧ ಅನ್ನೋ ಲೆಕ್ಕ. ನನ್ನ ಪ್ರಶ್ನೆ ಇಷ್ಟೇ. ಜಡ್ಜನ್ನ ಯಾವ ಪಾರ್ಟಿ ಅಧ್ಯಕ್ಷ ನೇಮಿಸಿದ ಅಂತ ನೋಡಿದ್ರೆ ಸಾಕಾ? ವಾದ, ವಿಚಾರಣೆ ಎಲ್ಲ ಬರೀ ನಾಟಕಾನಾ?

ಫೀನಿಕ್ಸ್ ಕುಡ್ಲ

ನಿಮ್ಮ ಯಜಮಾನ್ರು ಹೇಳಿದ್ದು ಸರಿಯೇ ಉಂಟು ಪದ್ಮಕ್ಕ. ಆದ್ರೆ ಅದ್ರಲ್ಲಿ ತಪ್ಪೆಂತದ್ದು? ಸಂವಿಧಾನದಲ್ಲಿ ಬರೆದ ಹಕ್ಕನ್ನು ಇದ್ದ ಹಾಗೇ ಓದುವ ಜಡ್ಜುಗಳು ಬೇಕು ಅಂತ ಜನ ವೋಟು ಹಾಕಿದ್ರು, ಅಂಥವರು ಬಂದ್ರು. ನಾನೇ ಒಂದು ಇಟ್ಟುಕೊಂಡಿದ್ದೇನೆ, ಮನೆಯಲ್ಲಿ ಪೆಟ್ಟಿಗೆಯೊಳಗೆ ಬೀಗ ಹಾಕಿ. ಪೊಲೀಸು ಬರ್ಲಿಕ್ಕೆ ನಮ್ಮ ಕಡೆ ಹೊತ್ತು ಹಿಡಿತದೆ. ನಾನು ರಾಕ್ಷಸ ಅಲ್ಲ ಮಾರಾಯ್ರೆ, ಭಾನುವಾರ ನೀರ್‌ದೋಸೆ ಮಾಡುವ ಮನುಷ್ಯ.

ಧಾರವಾಡ ವಕೀಲ

ಪದ್ಮಕ್ಕಾರ, ನಿಮ್ಮ ಮನಿಯವರ ಲೆಕ್ಕ ಅರ್ಧಾ ಖರೆ ಅದ. ಉಳಿದ ಅರ್ಧಾ ನಾ ಹೇಳ್ತೀನಿ. ಉದ್ದ ಆಗ್ತದ, ಚಾ ಇಟ್ಕೊಂಡು ಕೂಡ್ರಿ.

1791ರ ಎರಡನೇ ತಿದ್ದುಪಡಿ ಅನ್ನೋದು ಒಂದ ಒಂದು ವಾಕ್ಯ. ಮೊದಲನೇ ತುಂಡಿನಾಗ, ಸ್ವತಂತ್ರ ರಾಜ್ಯದ ರಕ್ಷಣಾಕ್ಕ ಶಿಸ್ತಿನ ಜನಸೇನೆ ಬೇಕು ಅಂತ ಅದ. ಎರಡನೇ ತುಂಡಿನಾಗ, ಜನರು ಆಯುಧ ಇಟ್ಕೊಳ್ಳೋ ಹೊರೋ ಹಕ್ಕಿಗೆ ಭಂಗ ತರಬಾರದು ಅಂತ ಅದ. ಮೊದಲನೇ ತುಂಡು ಎರಡನೇದಕ್ಕ ಮೂಗುದಾಣ ಹಾಕ್ತದೋ, ಇಲ್ಲಾ ಬರೇ ಪೀಠಿಕೆನೋ? ಜಗಳ ಎಲ್ಲಾ ಇದ.

1939ರಾಗ ಮಿಲ್ಲರ್ ಕೇಸ್ ಬಂತು, ನಳಿಗಿ ಕೊಯ್ದು ಗಿಡ್ಡ ಮಾಡಿದ ಶಾಟ್‌ಗನ್ನಿನದು. ಜನಸೇನೆಗೂ ಈ ಆಯುಧಕ್ಕೂ ಸಂಬಂಧ ತೋರಿಸ್ರಿ, ಇಲ್ಲಾಂದ್ರ ರಕ್ಷಣಾ ಇಲ್ಲ ಅಂತ ಕೋರ್ಟ್ ಹೇಳ್ತು. ಒಬ್ಬ ಜಡ್ಜನೂ ಭಿನ್ನಮತ ಬರೀಲಿಲ್ಲ. ಹತ್ತಿರ ಹತ್ತಿರ 70 ವರ್ಷ ಕೆಳಗಿನ ಕೋರ್ಟುಗಳು ಇದನ್ನ ಹಿಡ್ಕೊಂಡು ನಡೆದ್ವು. ವಾರನ್ ಬರ್ಗರ್ ಅಂತ ಮುಖ್ಯ ನ್ಯಾಯಮೂರ್ತಿ ಇದ್ದರಲ್ಲ, ನಿಕ್ಸನ್ ನೇಮಿಸಿದವರು, ಪಕ್ಕಾ ಸಂಪ್ರದಾಯಸ್ಥ. ನಿವೃತ್ತಿ ಆದ ಮ್ಯಾಲೆ 1991ರಾಗ ಟೀವಿ ಸಂದರ್ಶನದೊಳಗ ಅವರು, ಇದು ಪ್ರತಿಯೊಬ್ಬರ ಖಾಸಗಿ ಹಕ್ಕು ಅಂತ ಪ್ರಚಾರ ಮಾಡೋದು ಅಮೆರಿಕದ ಜನಕ್ಕ ಮಾಡಿದ ಭಾಳ ದೊಡ್ಡ ವಂಚನೆ ಅಂದುಬಿಟ್ಟರು. ಇವತ್ತು ಒಬ್ಬ ರಿಪಬ್ಲಿಕನ್ ನೇಮಕದ ಜಡ್ಜ್ ಹಂಗ ಅಂದಾನೇನು?

ಈಗ 2008ಕ್ಕ ಬರ್ರಿ. ಡಿಕ್ ಹೆಲ್ಲರ್ ಅಂತ ವಾಷಿಂಗ್ಟನ್ ನಗರದಾಗ ಒಬ್ಬ ಕಾವಲುಗಾರ. ಡ್ಯೂಟಿಯೊಳಗ ಸರ್ಕಾರಿ ಕಟ್ಟಡ ಕಾಯಲಿಕ್ಕೆ ಪಿಸ್ತೂಲ್ ಹಿಡೀಬಹುದು, ಮನಿಗೆ ಬಂದು ತನ್ನ ಮನಿ ಕಾಯಲಿಕ್ಕೆ ಹಿಡಿಯೋ ಹಂಗಿಲ್ಲ. ಅವನ ಕೇಸಿನಾಗ ಸ್ಕಲಿಯಾ ಬರೆದ ತೀರ್ಪು, ಐದು ನಾಲ್ಕು: ಮನಿಯೊಳಗ ಆತ್ಮರಕ್ಷಣೆಗೆ ಕೈಬಂದೂಕು ಇಟ್ಕೊಳ್ಳೋದು ವೈಯಕ್ತಿಕ ಹಕ್ಕು. ಎರಡು ವರ್ಷ ಬಿಟ್ಟು, 2010ರ ಶಿಕಾಗೋದ ಮೆಕ್ಡೊನಾಲ್ಡ್ ಕೇಸಿನಾಗ, ಈ ಹಕ್ಕು ರಾಜ್ಯಗಳನ್ನೂ ಕಟ್ಟಿಹಾಕ್ತದ ಅಂದ್ರು, ಅದೂ ಐದು ನಾಲ್ಕು.

ಇಲ್ಲಿ ಒಂದು ನೋಡ್ರಿ. ಹೆಲ್ಲರ್ ಕೇಸಿನಾಗ ಸೋತ ನಾಲ್ಕು ಮಂದಿಯೊಳಗ ಇಬ್ಬರು ರಿಪಬ್ಲಿಕನ್ ಅಧ್ಯಕ್ಷರು ಕಳಿಸಿದವರು. ದೊಡ್ಡ ಭಿನ್ನಮತ ಬರೆದ ಸ್ಟೀವನ್ಸ್‌ಗೆ ಫೋರ್ಡ್, ಸೂಟರ್‌ಗೆ ಹಿರಿಯ ಬುಷ್. ಅಂದ್ರ 2008ರ ತನಕ ಪಾರ್ಟಿ ಚೀಟಿ ನೋಡಿ ತೀರ್ಪು ಊಹಿಸಿದ್ದರ ನಿಮ್ಮ ಮನಿಯವರು ಸೋಲ್ತಿದ್ದರು.

2022ರ ಬ್ರುಯೆನ್ ಕೇಸಿಗೆ, ಅಂದ್ರ ಬಂದೂಕು ಹಿಡ್ಕೊಂಡು ಮನಿ ಹೊರಗ ಓಡಾಡೋ ಹಕ್ಕಿನ ಕೇಸಿಗೆ, ಬಂದ್ರ ಒಂದ ಬಿರುಕೂ ಇಲ್ಲ. ರಿಪಬ್ಲಿಕನ್ ನೇಮಕದ ಆರೂ ಮಂದಿ ಬಂದೂಕಿನ ಪರ, ಡೆಮಾಕ್ರಟಿಕ್ ನೇಮಕದ ಮೂವರೂ ವಿರುದ್ಧ. ಸಂವಿಧಾನದ ಆ ವಾಕ್ಯದಾಗ ಒಂದು ಅಕ್ಷರ ಬದಲಾಗಿಲ್ಲ. ಕುಂತ ಜಡ್ಜುಗಳ ಮನಸ್ಸೂ ಬದಲಾಗಿಲ್ಲ. ಬದಲಾಗಿದ್ದು ಆರಿಸೋ ರೀತಿ. ಸೂಟರ್ ಕೈಕೊಟ್ಟ ಮ್ಯಾಲೆ "ಇನ್ನೊಬ್ಬ ಸೂಟರ್ ಬ್ಯಾಡ" ಅನ್ನೋದು ಆ ಪಾರ್ಟಿಯೊಳಗ ಒಂದು ಘೋಷಣಾನ ಆಗಿತ್ತು.

ಬಸವನಗುಡಿ ಬೆಂಚು

ಸರ್, ಆರಿಸೋ ರೀತಿ ಅಂದ್ರೆ ಏನು? ಅಧ್ಯಕ್ಷ ಕರೆದು "ಬಂದೂಕಿನ ಬಗ್ಗೆ ಏನಂತೀಯ" ಅಂತ ಕೇಳ್ತಾನಾ?

ಧಾರವಾಡ ವಕೀಲ

ಕೇಳೋದ ಬ್ಯಾಡ ತಮ್ಮಾ, ಮೊದಲ ಬರೆದಿಟ್ಟಿರ್ತಾರ. ಟ್ರಂಪ್ ಸುಪ್ರೀಂ ಕೋರ್ಟಿಗೆ ಕಳಿಸಿದ ಕವನಾ, 2011ರಾಗ ಕೆಳಗಿನ ಕೋರ್ಟಿನೊಳಗ ಇದ್ದಾಗ, ಎಆರ್-15 ಥರದ ಅರೆ-ಸ್ವಯಂಚಾಲಿತ ಬಂದೂಕು ನಿಷೇಧಿಸೋದು ಅಸಾಂವಿಧಾನಿಕ ಅಂತ ಭಿನ್ನಮತ ಬರೆದಿದ್ದರು. ಟ್ರಂಪ್ ಕಳಿಸಿದ ಇನ್ನೊಬ್ಬ ಜಡ್ಜ್ ಬ್ಯಾರೆಟ್, ಕೆಳಗಿನ ಕೋರ್ಟಿನೊಳಗ ಇದ್ದಾಗ 2019ರಾಗ ಬರೆದದ್ದು ಇನ್ನೂ ಮಜಾ ಅದ. ಬೂಟಿನ ಒಳಅಟ್ಟೆ ಮಾರೋದ್ರಾಗ ಸರ್ಕಾರಿ ಆರೋಗ್ಯ ವಿಮೆಗೆ ಟೋಪಿ ಹಾಕಿ ಶಿಕ್ಷೆ ಆದವನೊಬ್ಬ, ನನಗ ಬಂದೂಕು ಇಟ್ಕೊಳ್ಳಲಿಕ್ಕೆ ಬಿಡ್ರಿ ಅಂತ ಬಂದಿದ್ದ. ಉಳಿದಿಬ್ಬರು ಜಡ್ಜ್ ಆಗೂದಿಲ್ಲ ಅಂದ್ರು. ಬ್ಯಾರೆಟ್ ಮಾತ್ರ, ಹಿಂಸೆ ಮಾಡದ ಅಪರಾಧಿಯಿಂದ ಈ ಹಕ್ಕು ಕಸ್ಕೊಳ್ಳಲಿಕ್ಕೆ ಇತಿಹಾಸದಾಗ ಆಧಾರ ಇಲ್ಲ ಅಂತ ಬರೆದರು. ಮಾರ್ಕೆಟ್ಟಿನಾಗ ಮೂಸಿ ನೋಡಿ ಆರಿಸಿದ ಮಾವಿನಹಣ್ಣು ಇದ್ದಂಗ. ಹಿಂದಿನವರು ಬುಟ್ಟಿಗಟ್ಟಲೆ ತರ್ತಿದ್ದರು, ಒಂದೆರಡು ಹುಳಿ ಬರ್ತಿದ್ದವು.

ನೇಪರ್‌ವಿಲ್ ನಾಣಿ

ವಕೀಲರೇ, ಮೂಸಿ ನೋಡೋಕೆ ಮೊದಲು ಬುಟ್ಟೀಲಿ ಜಾಗ ಖಾಲಿ ಆಗಬೇಕಲ್ಲ ಸ್ವಾಮಿ. ಅಲ್ಲಿರೋದು ಅದೃಷ್ಟದ ಆಟ. ನಮ್ಮಲ್ಲಿ ಸುಪ್ರೀಂ ಕೋರ್ಟ್ ಜಡ್ಜ್ 65ಕ್ಕೆ ಮನೆಗೆ ಹೋಗ್ತಾರೆ, ಹೈಕೋರ್ಟಿನವರು 62ಕ್ಕೆ. ಇಲ್ಲಿ ಸಾಯೋವರೆಗೆ ಕೂರಬಹುದು. ಸ್ಕಲಿಯಾ 2016ರ ಫೆಬ್ರವರಿಯಲ್ಲಿ ತೀರಿಕೊಂಡ್ರು. ಒಬಾಮಾ ಮಾರ್ಚ್‌ನಲ್ಲಿ ಗಾರ್ಲೆಂಡ್ ಹೆಸರು ಕಳಿಸಿದ್ರೆ, ಚುನಾವಣಾ ವರ್ಷ ಅಂತ ಸೆನೆಟ್ ವಿಚಾರಣೇನೇ ಮಾಡಲಿಲ್ಲ. ಆ ಸೀಟಿಗೆ 2017ರಲ್ಲಿ ಟ್ರಂಪ್ ನೇಮಿಸಿದ ಗೋರ್ಸಚ್ ಬಂದ್ರು. ಡೆಮಾಕ್ರಟ್ ನೇಮಕದ ಜಡ್ಜ್ ಗಿನ್ಸ್‌ಬರ್ಗ್ 2020ರ ಸೆಪ್ಟೆಂಬರ್ 18ಕ್ಕೆ ತೀರಿಕೊಂಡ್ರು, ಅದೂ ಚುನಾವಣಾ ವರ್ಷವೇ, ಅಕ್ಟೋಬರ್ 26ಕ್ಕೆ ಬ್ಯಾರೆಟ್ ಪಾಸ್. ವೈಕುಂಠ ಸಮಾರಾಧನೆ ಊಟ ಅರಗೋದ್ರೊಳಗೆ ಅಂತ ನಮ್ಮಜ್ಜಿ ಅಂತಿದ್ರು.

ಆ ಒಂದು ಸೀಟಿಂದ ಏನಾಯ್ತು ಗೊತ್ತಾ? 2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬಂದೂಕಿನ ಕೇಸೊಂದನ್ನ, ನಗರ ನಿಯಮ ಬದಲಾಯಿಸಿಬಿಟ್ಟಿದೆ, ಇನ್ನು ವ್ಯಾಜ್ಯವೇ ಉಳಿದಿಲ್ಲ ಅಂತ ಕೋರ್ಟ್ ಕೈಬಿಟ್ಟಿತ್ತು. ಬ್ಯಾರೆಟ್ ಬಂದು ಆರು ತಿಂಗಳಿಗೆ ಅದೇ ರಾಜ್ಯದ ಅದೇ ಬಂದೂಕು ಸಂಘದ ಇನ್ನೊಂದು ಕೇಸನ್ನ ಎತ್ತಿಕೊಂಡ್ರು. ಅದೇ ಬ್ರುಯೆನ್. ತೀರ್ಪು ಬಂದಿದ್ದು 2022ರ ಜೂನ್ 23. ಟೆಕ್ಸಸ್‌ನ ಯುವಾಲ್ಡಿ ಶಾಲೆಯಲ್ಲಿ ಗುಂಡೇಟಿಗೆ 19 ಮಕ್ಕಳು, ಇಬ್ಬರು ಟೀಚರು ಸತ್ತು ಆಗಿನ್ನೂ ಒಂದು ತಿಂಗಳು. ನನ್ನ ಮಗ ಆಗ ಎರಡನೇ ಕ್ಲಾಸು. ಲಾಕ್‌ಡೌನ್ ಡ್ರಿಲ್‌ನಲ್ಲಿ ಲೈಟು ಆರಿಸಿ, ಸದ್ದು ಮಾಡದೆ ಗೋಡೆಗೆ ಒರಗಿ ಕೂರೋದು ಹೇಗೆ ಅಂತ ಊಟದ ಟೇಬಲ್ ಹತ್ತಿರ ಮಾಡಿ ತೋರಿಸಿದ್ದ. ಬಾಯಿ ಮೇಲೆ ಎರಡು ಕೈ ಇಟ್ಕೊಂಡು.

ಫೀನಿಕ್ಸ್ ಕುಡ್ಲ

ನಾಣಿಯಣ್ಣ, ಮಕ್ಕಳ ವಿಷಯ ತಂದ್ರೆ ನಂಗೂ ಗಂಟಲು ಕಟ್ತದೆ, ಅದು ಬೇರೆ. ಆದ್ರೆ ಬ್ರುಯೆನ್‌ನಲ್ಲಿ ಬಿದ್ದುಹೋದ ಕಾನೂನು ಎಂತದ್ದು ಅಂತ ಹೇಳಿ ಅಲ್ವಾ. 1911ರ ಸಲಿವನ್ ಕಾನೂನಿನಿಂದ ಬಂದ ಪದ್ಧತಿ. ಬಂದೂಕು ಹಿಡಿದು ಹೊರಗೆ ಓಡಾಡ್ಲಿಕ್ಕೆ "ತಕ್ಕ ಕಾರಣ" ಉಂಟು ಅಂತ ಅಧಿಕಾರಿಗೆ ಮನವರಿಕೆ ಮಾಡ್ಬೇಕು. ಕಾರಣ ತಕ್ಕದ್ದಾ ಅಲ್ವಾ ಅಂತ ಹೇಳುದು ಅವನ ಮರ್ಜಿ. ಮರ್ಜಿ ಅಂದ್ರೆ ಎಂತ ಅಂತ ನಮ್ಮೂರಿನವರಿಗೆ ಹೇಳಿಕೊಡ್ಬೇಕಾ? ನಮ್ಮ ಮಾವ ಅಡಿಕೆ ತೋಟಕ್ಕೆ ಮಂಗ, ಹಂದಿ ಕಾಟ ಅಂತ ಒಂಟಿ ನಳಿಗೆ ಕೋವಿಯ ಲೈಸೆನ್ಸಿಗೆ ಅರ್ಜಿ ಹಾಕಿ ಒಂದು ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ರು. ಪೇಟೆಯ ಶ್ರೀಮಂತರಿಗೆ ವಾರದಲ್ಲಿ ಸಿಕ್ಕಿತ್ತು.

ನ್ಯೂಯಾರ್ಕಲ್ಲಿ ಬಡವರ ಪರ ವಾದ ಮಾಡುವ ವಕೀಲರುಂಟಲ್ಲ, ಬ್ರಾಂಕ್ಸ್ ಡಿಫೆಂಡರ್ಸ್‌ನವರು, ಎಲ್ಲ ಎಡಪಂಥದ ಜನವೇ. ಅವರೇ ಬ್ರುಯೆನ್ ಕೇಸಲ್ಲಿ ಬಂದೂಕಿನವರ ಪರವಾಗಿ ಅರ್ಜಿ ಹಾಕಿದ್ರು. ಲೈಸೆನ್ಸ್ ಇಲ್ಲ ಅಂತ ಜೈಲಿಗೆ ಹೋಗುವವರೆಲ್ಲ ಕರಿಯರು, ಲ್ಯಾಟಿನೋ ಹುಡುಗರು ಅಂತ. 1857ರ ಡ್ರೆಡ್ ಸ್ಕಾಟ್ ತೀರ್ಪು ತೆಗೆದು ನೋಡಿ. ಕರಿಯರನ್ನು ಪ್ರಜೆಗಳು ಅಂತ ಒಪ್ಪಿದ್ರೆ ಅವರು ಹೋದಲ್ಲೆಲ್ಲ ಆಯುಧ ಹಿಡಿಬಹುದಲ್ಲ ಅಂತ ಆ ಮುಖ್ಯ ನ್ಯಾಯಮೂರ್ತಿ ಹೆದರಿ ಬರೆದಿದ್ದಾನೆ. 1967ರಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಅನ್ನುವ ಕರಿಯರ ಸಂಘಟನೆಯವರು ಬಂದೂಕು ಹಿಡಿದು ಗಸ್ತು ತಿರುಗಿದಾಗ ಕ್ಯಾಲಿಫೋರ್ನಿಯಾದಲ್ಲಿ ತುಂಬಿದ ಬಂದೂಕು ಹೊರುದನ್ನು ನಿಷೇಧಿಸುವ ಕಾನೂನಿಗೆ ಸಹಿ ಹಾಕಿದ್ದು ಆಗಿನ ಗವರ್ನರ್, ರಿಪಬ್ಲಿಕನ್ ರೇಗನ್. ಎಡ ಬಲ ಅಂತ ಗೆರೆ ಹಾಕಿ ಕೂತ್ರೆ ಇದೆಲ್ಲ ಎಲ್ಲಿ ಹೋಗಿ ಕೂತುಕೊಳ್ತದೆ?

ನೇಪರ್‌ವಿಲ್ ನಾಣಿ

ಅದು ಒಪ್ಪೋ ಮಾತೇ ಕುಡ್ಲದವರೇ, ಆ ಅರ್ಜಿ ಓದಿದಾಗ ನನಗೂ ಒಂದು ಕ್ಷಣ ತಲೆ ತಿರುಗಿತ್ತು.

ನಮ್ಮೂರಿನ ಕಥೆ ಹೇಳ್ತೀನಿ, ಗೆರೆ ಇನ್ನೂ ಕಲಸಿಹೋಗುತ್ತೆ. 2022ರ ಜುಲೈ 4ಕ್ಕೆ ಇಲ್ಲೇ ಹೈಲ್ಯಾಂಡ್ ಪಾರ್ಕ್‌ನಲ್ಲಿ ಮೆರವಣಿಗೆ ನೋಡ್ತಿದ್ದವರ ಮೇಲೆ ಗುಂಡು ಹಾರಿಸಿ ಏಳು ಜನ ಸತ್ರು. ಆಗಸ್ಟ್‌ನಲ್ಲಿ ನಮ್ಮ ನಗರ ಸಭೆ ಎಆರ್-15 ಥರದ ಬಂದೂಕುಗಳ ಮಾರಾಟ ನಿಲ್ಲಿಸ್ತು. ಮುಂದಿನ ಜನವರಿಗೆ ಇಡೀ ಇಲಿನಾಯ್ ರಾಜ್ಯಕ್ಕೆ ಕಾನೂನು ಬಂತು. ನಮ್ಮೂರಿನ ಬಂದೂಕಂಗಡಿಯವರೊಬ್ಬರು ಕೋರ್ಟಿಗೆ ಹೋದ್ರು. ಫೆಡರಲ್ ಮೇಲ್ಮನವಿ ಕೋರ್ಟಲ್ಲಿ ಎರಡು ಒಂದು ಅಂತ ಕಾನೂನು ಸದ್ಯಕ್ಕೆ ಉಳೀತು. ಉಳಿಸಿದ ಇಬ್ಬರಲ್ಲಿ ಒಬ್ಬರು ಕ್ಲಿಂಟನ್ ನೇಮಕದ ವುಡ್, ಇನ್ನೊಬ್ಬರು ರೇಗನ್ ನೇಮಕದ ಈಸ್ಟರ್‌ಬ್ರೂಕ್. ವಿರೋಧ ಬರೆದವರು ಟ್ರಂಪ್ ನೇಮಕ.

ಇನ್ನು ನಮ್ಮ ರಾಜ್ಯದ ಸುಪ್ರೀಂ ಕೋರ್ಟು. ಅಲ್ಲಿ ಜಡ್ಜುಗಳು ಪಾರ್ಟಿ ಹೆಸರಲ್ಲೇ ಚುನಾವಣೆಗೆ ನಿಲ್ತಾರೆ ಕಣ್ರೀ, ಮನೆ ಮುಂದೆ ಹುಲ್ಲಲ್ಲಿ ಅವರ ಹೆಸರಿನ ಫಲಕ ಚುಚ್ಚಿರುತ್ತೆ. ಐದು ಡೆಮಾಕ್ರಟ್, ಇಬ್ಬರು ರಿಪಬ್ಲಿಕನ್. 2022ರ ಚುನಾವಣೆಯಲ್ಲಿ ಗೆದ್ದ ಇಬ್ಬರು ಡೆಮಾಕ್ರಟ್ ಮಹಿಳೆಯರಿಗೆ ಗವರ್ನರ್ ಪ್ರಿಟ್ಸ್‌ಕರ್ ಕಡೆಯಿಂದ ಭಾರೀ ದೇಣಿಗೆ ಹೋಗಿತ್ತು. ಅದೇ ಗವರ್ನರ್ ಸಹಿ ಹಾಕಿದ ಬಂದೂಕು ಕಾನೂನು ಅವರ ಮುಂದೆ ಬಂದಾಗ, ನೀವಿಬ್ಬರೂ ಹಿಂದೆ ಸರೀರಿ ಅಂತ ಅರ್ಜಿ ಬಿತ್ತು. ಸರೀಲಿಲ್ಲ. 2023ರ ಆಗಸ್ಟ್‌ನಲ್ಲಿ ನಾಲ್ಕು ಮೂರು ಅಂತ ಕಾನೂನು ಗೆದ್ದಿತು. ಆ ಇಬ್ಬರಲ್ಲಿ ಒಬ್ಬರು, ರೋಚ್‌ಫರ್ಡ್, ಬಹುಮತದ ತೀರ್ಪು ಬರೆದ್ರು. ಇನ್ನೊಬ್ಬರು, ಒಬ್ರಿಯನ್, ರಿಪಬ್ಲಿಕನ್ನರ ಜೊತೆ ಸೇರಿ ವಿರುದ್ಧ ಹಾಕಿದ್ರು. ಒಂದೇ ಪಾರ್ಟಿ, ಒಂದೇ ಕಡೆಯ ದುಡ್ಡು. ಈಗ ಹೇಳಿ, ಏನಂತ ಸೂತ್ರ ಕಟ್ತೀರಿ?

ಹೊಸಬ ಹ್ಯೂಸ್ಟನ್

ಮಧ್ಯ ಬಂದಿದ್ದಕ್ಕೆ ಕ್ಷಮಿಸಿ. ನಾನು ಎಚ್1ಬಿ. ನನಗೂ ಈ ಹಕ್ಕು ಇದೆಯಾ?

ನೇಪರ್‌ವಿಲ್ ನಾಣಿ

ಇಲ್ಲ ತಮ್ಮ. ತಾತ್ಕಾಲಿಕ ವೀಸಾದವರು ಬಂದೂಕು ಕೊಳ್ಳೋದು, ಇಟ್ಕೊಳ್ಳೋದು ಫೆಡರಲ್ ಅಪರಾಧ. ಬೇಟೆ ಲೈಸೆನ್ಸ್ ಥರದ ಕೆಲವು ವಿನಾಯಿತಿ ಬಿಟ್ರೆ ಬೇರೆ ದಾರಿ ಇಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಆಗುತ್ತೆ. ಗೆಳೆಯನ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಸೆಲ್ಫಿ ಹಾಕೋ ಮುಂಚೆ ಒಬ್ಬ ವಕೀಲರನ್ನ ಕೇಳು.

ಬಸವನಗುಡಿ ಬೆಂಚು

ನನಗೆ ಅರ್ಥ ಆಗದ ವಿಷಯ ಇನ್ನೊಂದಿದೆ. ಬ್ರುಯೆನ್ ನಂತರ ಎಲ್ಲರೂ "ಇತಿಹಾಸ, ಪರಂಪರೆ" ಅಂತಾರಲ್ಲ, ಅದೇನು? ಜಡ್ಜ್‌ಗಳು ಹಿಸ್ಟರಿ ಎಂಎ ಮಾಡಿರ್ತಾರಾ?

ಧಾರವಾಡ ವಕೀಲ

ಮಾಡಿರೂದಿಲ್ಲ. ಅದ ದೊಡ್ಡ ಪಜೀತಿ.

ಮೊದಲು ಏನಿತ್ತಂದ್ರ, ಸರ್ಕಾರ ಒಂದು ನಿರ್ಬಂಧ ಹಾಕಿದ್ರ, ಜನರ ಸುರಕ್ಷತಾಕ್ಕ ಇದು ಎಷ್ಟು ಬೇಕು, ಹಕ್ಕಿಗೆ ಎಷ್ಟು ಪೆಟ್ಟು ಬೀಳ್ತದ ಅಂತ ಕೆಳಗಿನ ಕೋರ್ಟುಗಳು ತಕ್ಕಡಿಯೊಳಗ ಇಟ್ಟು ತೂಗ್ತಿದ್ದವು. ಬ್ರುಯೆನ್‌ದಾಗ ತೀರ್ಪು ಬರೆದ ಜಡ್ಜ್ ಥಾಮಸ್ ಆ ತಕ್ಕಡಿ ಕಸ್ಕೊಂಡು ಒಗೆದರು. ಇನ್ನ ಮ್ಯಾಲೆ, ಹಿಂದಿನ ಅಮೆರಿಕದಾಗ ಇಂಥಾದ್ದ ಒಂದು ನಿರ್ಬಂಧದ ಪರಂಪರೆ ಇತ್ತಂತ ಸರ್ಕಾರನ ತೋರಿಸಬೇಕು. ಇದ್ದರ ಉಂಟು, ಇಲ್ಲಾಂದ್ರ ಇಲ್ಲ. ಮಿಸಿಸಿಪ್ಪಿಯ ಕಾರ್ಲ್ಟನ್ ರೀವ್ಸ್, ಒಬಾಮಾ ನೇಮಕದ ಜಡ್ಜ್, ನಾವು ಇತಿಹಾಸಕಾರರಲ್ಲ, ಕೋರ್ಟಿಗೆ ಒಬ್ಬ ಇತಿಹಾಸಕಾರನ್ನ ನೇಮಿಸ್ಲೇನು ಅಂತ ಎರಡೂ ಪಕ್ಷದವರನ್ನ ಖುಲ್ಲಂಖುಲ್ಲಾ ಕೇಳಿದರು. ಕಡೀಕ ಬ್ರುಯೆನ್ ಸರಿಯಿಲ್ಲ ಅಂತ ಪುಟಗಟ್ಟಲೆ ಬೈದು, ಅದರ ಪ್ರಕಾರನ ಆರೋಪಿಯನ್ನ ಬಿಟ್ಟರು. ಆರೋಪ ಏನಂದ್ರ, ಹಿಂದ ಶಿಕ್ಷೆ ಆದವ ಬಂದೂಕು ಇಟ್ಕೊಂಡಿದ್ದ ಅಂತ. ಡೆಮಾಕ್ರಟ್ ನೇಮಕದ ಜಡ್ಜ್, ಬಂದೂಕಿನ ಪರ ತೀರ್ಪು. ಬರೆಸಿದ್ದು ಮ್ಯಾಲಿನ ಕೋರ್ಟಿನ ಸೂತ್ರ.

ಆ ಸೂತ್ರ ತಿರುಗಿ ಬಡಿದದ್ದು ರಹೀಮಿ ಕೇಸಿನಾಗ. ಹೆಂಗಸಿಗೆ ಹೊಡೆದು, ಕೋರ್ಟಿನಿಂದ ತಡೆಯಾಜ್ಞೆ ಬಿದ್ದವನ ಕಡೆ ಬಂದೂಕು ಇರಬಾರದು ಅಂತ ಒಂದು ಫೆಡರಲ್ ಕಾನೂನು ಅದ. 2023ರಾಗ ಐದನೇ ಸರ್ಕಿಟ್ ಕೋರ್ಟ್, ನಿಮ್ಮ ಟೆಕ್ಸಸ್ ಕಡೆಯ ಫೆಡರಲ್ ಮೇಲ್ಮನವಿ ಕೋರ್ಟ್ ಪದ್ಮಕ್ಕಾರ, ಇಂಥಾ ಕಾನೂನು 1791ರಾಗ ಇರಲಿಲ್ಲ ಅಂತ ಹೊಡೆದು ಹಾಕ್ತು. ಇರಲಿಲ್ಲ ಖರೆ. ಆವಾಗ ಹೇಂತಿಗೆ ಹೊಡೆದರ ಬಂದೂಕು ಕಸಿಯೋ ಮಾತ ಎಲ್ಲಿತ್ತು? 2024ರ ಜೂನಿನಾಗ ಸುಪ್ರೀಂ ಕೋರ್ಟ್ ಎಂಟು ಒಂದು ಅಂತ ಅದನ್ನ ತಿರುಗಿಸ್ತು. ಇದ್ದದ್ದು ಇದ್ದಂಗ ಹೋಲೋ ಹಳೇ ಕಾನೂನು ಬ್ಯಾಡ, ತತ್ವ ಹೊಂದಿದ್ರ ಸಾಕು ಅಂತ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದರು. ಒಂಟಿಯಾಗಿ ವಿರೋಧ ಮಾಡಿದವರು ಯಾರಂತೀರಿ? ಬ್ರುಯೆನ್ ಬರೆದ ಥಾಮಸ್. ತಾ ಬರೆದ ಸೂತ್ರ ತಾನ ಕಡೀತನಕ ಹಿಡ್ಕೊಂಡ ಪುಣ್ಯಾತ್ಮ ಅವ್ರೊಬ್ಬರ.

ಪ್ಲೇನೋ ಪದ್ಮ

ಅಂದ್ರೆ ಉಳಿದ ಐವರಿಗೆ ಭಯ ಆಯ್ತು ಅಂತಾನಾ ಸರ್?

ಧಾರವಾಡ ವಕೀಲ

ಭಯ ಅನ್ರಿ, ಬುದ್ಧಿ ಅನ್ರಿ. ತಮ್ಮ ಸೂತ್ರ ಊರಾಗ ಏನ್ ಮಾಡ್ಲಿಕತ್ತದ ಅಂತ ಕಂಡಿತು.

ಫೀನಿಕ್ಸ್ ಕುಡ್ಲ

ಇನ್ನೊಂದು ಉಂಟು. ಬಂಪ್ ಸ್ಟಾಕ್. ಬಂದೂಕಿನ ಹಿಂಬದಿಗೆ ಹಾಕುವ ಒಂದು ಸಾಧನ, ಅದು ಬಂದೂಕು ಹಿಂದಕ್ಕೆ ಒದೆಯುವುದನ್ನೇ ಬಳಸಿ ಪಟಪಟ ಹೊಡಿತದೆ, ಬೆರಳು ಇದ್ದಲ್ಲೇ ಇರ್ತದೆ. 2017ರಲ್ಲಿ ಲಾಸ್ ವೇಗಸ್‌ನಲ್ಲಿ ಸಂಗೀತ ಕೇಳ್ತಾ ಇದ್ದವರ ಮೇಲೆ ಹಾರಿಸಿದ್ದು ಅದರಲ್ಲೇ. ಮರು ವರ್ಷ ಅದನ್ನು ನಿಷೇಧ ಮಾಡಿದ್ದು ಯಾರು? ಟ್ರಂಪ್ ಸರ್ಕಾರ. 2024ರಲ್ಲಿ ನಿಷೇಧ ತೆಗೆದದ್ದು? ಆರು ಮೂರು, ಟ್ರಂಪ್ ಕಳಿಸಿದ ಮೂವರೂ ಆ ಆರರಲ್ಲಿ ಇದ್ರು. ಮತ್ತೆ ಅದು ಎರಡನೇ ತಿದ್ದುಪಡಿಯ ಕೇಸೇ ಅಲ್ಲ. "ಟ್ರಿಗರ್‌ನ ಒಂದೇ ಕ್ರಿಯೆ" ಅನ್ನುವ ಹಳೇ ಮೆಷಿನ್ ಗನ್ ಕಾನೂನಿನ ಪದಗಳಿಗೆ ಅರ್ಥ ಹೇಳಿದ್ದು ಅಷ್ಟೇ. ಥಾಮಸ್ ತೀರ್ಪಲ್ಲಿ ಟ್ರಿಗರ್ ಒಳಗಿನ ಭಾಗಗಳ ಚಿತ್ರವೇ ಹಾಕಿದ್ದಾರೆ, ಮೆಕ್ಯಾನಿಕ್ ಮ್ಯಾನುವಲ್‌ನ ಹಾಗೆ. ಬೇಕಾದ್ರೆ ಸಂಸತ್ತು ಕಾನೂನು ತಿದ್ದಲಿ ಅಂತ ಅಲಿಟೋ ಪ್ರತ್ಯೇಕವಾಗಿ ಬರೆದ್ರು.

2025ರ ಮಾರ್ಚಿನಲ್ಲಿ ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸುವ, ನಂಬರಿಲ್ಲದ ಬಂದೂಕಿನ ಕೇಸು ಬಂತು. ಏಳು ಎರಡು ಅಂತ ಸರ್ಕಾರದ ನಿಯಂತ್ರಣವೇ ಗೆದ್ದಿತು, ಬರೆದದ್ದು ಗೋರ್ಸಚ್. ಆರು ಮೂರು ಅಂತ ಕಣ್ಣು ಮುಚ್ಚಿ ಹೇಳುವವರು ಆ ದಿನ ಎಲ್ಲಿಗೆ ಹೋಗಿದ್ರು?

ಮಡಿಕೇರಿ ಮಂಜು

ನೀವೆಲ್ಲ ಅಮೆರಿಕದಲ್ಲೇ ಇದ್ದೀರಿ, ಸ್ವಲ್ಪ ಈ ಕಡೆಯೂ ನೋಡಿ. ನಮ್ಮಲ್ಲಿ ಕೊಡವರಿಗೆ, ಜಮ್ಮಾ ಅಂದರೆ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. ಅದು ಸಮಾನತೆಗೆ ವಿರುದ್ಧ ಅಂತ ಒಬ್ಬರು ಹೈಕೋರ್ಟಿಗೆ ಹೋದರು, 2021ರಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಆ ದಿನ ಪಟಾಕಿ ಹೊಡೆದವರೂ ಇದ್ದಾರೆ, ಆದರೆ ಒಬ್ಬನಾದರೂ "ಆ ಜಡ್ಜ್ ಯಾವ ಪಾರ್ಟಿ" ಅಂತ ಕೇಳಿದ್ದು ನನಗೆ ನೆನಪಿಲ್ಲ.

ಕೈಲ್ ಪೊಳ್ದ್ ಅಂದರೆ ನಮ್ಮ ಆಯುಧ ಪೂಜೆಯ ಹಬ್ಬದ ದಿನ, ನಮ್ಮ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿ, ಕೋವಿಗಳನ್ನೆಲ್ಲ ಒರೆಸಿ ಸಾಲಾಗಿ ಇಡುತ್ತೇವೆ. ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುವುದು, ಅದೇ ಕೆಂಪು ಹಳದಿ ಬೆಂಕಿಯ ಹಾಗಿರುವ ಕಾಡುಹೂವು. ನನ್ನ ಅಜ್ಜನ ಜೋಡುನಳಿಗೆ ಕೋವಿಯ ಮರದ ಹಿಡಿ ಅವರ ಕೆನ್ನೆ ತಾಗಿ ತಾಗಿ ಒಂದು ಕಡೆ ನುಣುಪಾಗಿದೆ. ನಮಗೆ ಅದು ಕುಟುಂಬದ ಸದಸ್ಯ. ಆದರೂ ಅದು ವಿನಾಯಿತಿ, ಅವಧಿ ಮುಗಿದಾಗ ಮುಂದುವರಿಸಬೇಕು. ಸರ್ಕಾರ ಕೊಟ್ಟದ್ದು, ತೆಗೆಯಲೂಬಹುದು. ಅಮೆರಿಕದವರ ಹಾಗೆ ಹುಟ್ಟಿನಿಂದ ಬಂದ ಹಕ್ಕಲ್ಲ.

ಧಾರವಾಡ ವಕೀಲ

ಮಂಜು ಹೇಳಿದ್ದ ಮುಖ್ಯ ಫರಕು. 2023ರ ಫೆಬ್ರವರಿಯಾಗ ನಮ್ಮ ಸುಪ್ರೀಂ ಕೋರ್ಟಿನ ಮುಂದ ಉತ್ತರ ಪ್ರದೇಶದ ಒಂದು ಜಾಮೀನು ಅರ್ಜಿ ಬಂದಿತ್ತು, ಲೈಸೆನ್ಸ್ ಇಲ್ಲದ ಬಂದೂಕಿನಿಂದ ಕೊಂದ ಕೇಸು. ನ್ಯಾಯಮೂರ್ತಿ ಜೋಸೆಫ್ ಮತ್ತು ನಮ್ಮವರ ನಾಗರತ್ನ ಮೇಡಂ ಅವರ ಪೀಠ. ಅಮೆರಿಕದಂಗ ಆಯುಧ ಹೊರೋ ಮೂಲಭೂತ ಹಕ್ಕನ್ನ ನಮ್ಮ ಸಂವಿಧಾನ ಕಟ್ಟಿದವರು ಯಾರಿಗೂ ಕೊಟ್ಟಿಲ್ಲ ಅಂತ ಸ್ಪಷ್ಟ ಬರೆದಾರ. ಹಕ್ಕ ಇಲ್ಲದಾಗ ಜಡ್ಜಿನ ಒಲವಿಗೆ ಆಡಲಿಕ್ಕೆ ಅಂಗಳನ ಇಲ್ಲ. ಎಲ್ಲಾ ಜಿಲ್ಲಾಧಿಕಾರಿ ಟೇಬಲ್ ಮ್ಯಾಲೆ ಮುಗೀತದ. ಅದು ಛಲೋನೋ ಕೆಟ್ಟದ್ದೋ, ಕುಡ್ಲದವರ ಮಾವನ್ನ ಕೇಳ್ರಿ.

ಹಂಗಂತ ನಮ್ಮ ಜಡ್ಜುಗಳಿಗೆ ಒಲವ ಇಲ್ಲಂತಲ್ಲ. ಜಡ್ಜುಗಳನ್ನ ಜಡ್ಜುಗಳ ಆರಿಸೋ ನಮ್ಮ ಕೊಲಿಜಿಯಂ ಕ್ವಾಣಿಯ ಬಾಗಿಲು ಮುಚ್ಚಿರ್ತದ, ಅಮೆರಿಕದ್ದು ಟೀವಿಯೊಳಗ ನೇರ ಪ್ರಸಾರ ಆಗ್ತದ. ಇಷ್ಟ ಹೇಳಿ ಸುಮ್ಮನಾಗ್ತೀನಿ, ನಾಳೆ ನನಗೂ ಕೋರ್ಟಿಗೆ ಹೋಗೋದದ.

ನಿರ್ವಾಹಕ

ಕೊಲಿಜಿಯಂಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ನಿನ್ನೆ ರಾತ್ರಿ ಒಬ್ಬರು ಜಡ್ಜ್‌ಗಳ ಜಾತಿ ಎತ್ತಿ ಬರೆದಿದ್ದನ್ನು ತೆಗೆದಿದ್ದೇನೆ.

ನೇಪರ್‌ವಿಲ್ ನಾಣಿ

ಟೀವಿ ನೇರ ಪ್ರಸಾರ ಅಂದಿರಿ, ನೆನಪಾಯ್ತು. 2025ರ ಮಾರ್ಚಿನಲ್ಲಿ ಒಂಬತ್ತನೇ ಸರ್ಕಿಟ್ ಕೋರ್ಟು ಕ್ಯಾಲಿಫೋರ್ನಿಯಾದ ಮ್ಯಾಗಜಿನ್ ನಿಷೇಧ ಎತ್ತಿಹಿಡೀತು, ಅಂದ್ರೆ ಹತ್ತಕ್ಕಿಂತ ಜಾಸ್ತಿ ಗುಂಡು ಹಿಡಿಸೋ ಡಬ್ಬಿ ಇಟ್ಕೋಬಾರದು ಅನ್ನೋ ಕಾನೂನು. ಏಳು ನಾಲ್ಕು. ಏಳೂ ಡೆಮಾಕ್ರಟ್ ನೇಮಕ, ನಾಲ್ಕೂ ರಿಪಬ್ಲಿಕನ್ ನೇಮಕ, ಚಾಕು ಹಾಕಿ ಕೊಯ್ದ ಹಾಗೆ. ಸೋತವರಲ್ಲಿ ವ್ಯಾನ್‌ಡೈಕ್ ಅಂತ ಒಬ್ಬ ಜಡ್ಜ್, ಟ್ರಂಪ್ ನೇಮಕ, ಭಿನ್ನಮತದ ಜೊತೆಗೆ ಯೂಟ್ಯೂಬ್ ವಿಡಿಯೋ ಹಾಕಿದ್ರು! ಕಪ್ಪು ನಿಲುವಂಗಿ ಹಾಕ್ಕೊಂಡು, ತಮ್ಮ ಚೇಂಬರ್‌ನಲ್ಲಿ ಕೂತು, ಕೈಬಂದೂಕುಗಳ ಭಾಗ ಬಿಚ್ಚಿ ಜೋಡಿಸಿ ಪಾಠ ಮಾಡಿದ್ದಾರೆ. ನಮ್ಮ ಮನೇಲಿ ಕುಕ್ಕರ್ ಗ್ಯಾಸ್ಕೆಟ್ ಬದಲಾಯಿಸೋ ವಿಡಿಯೋ ನೋಡೋ ಥರ ನೋಡಿದೆ. ಇನ್ನೊಂದು ಕಡೆಯ ಜಡ್ಜ್ ಒಬ್ಬರು, ನೀನು ಜಡ್ಜಾ ಸಾಕ್ಷೀನಾ ಅನ್ನೋ ಅರ್ಥದಲ್ಲಿ ಗದರಿ ಬರೆದ್ರು. ನೇಮಕದ ಹೊತ್ತಲ್ಲಿ ಒಲವು ಮುಚ್ಚಿಡಬೇಕು ಅನ್ನೋ ನಾಚಿಕೆ ಹಿಂದೆ ಇತ್ತು. ಅದೂ ಹೋಯ್ತು ಅಂತ ನನಗೆ ಆ ದಿನ ಅನ್ನಿಸ್ತು.

ಇದಕ್ಕೆ ಎದುರಾಗಿ ವರ್ಜಿನಿಯಾದ ವಿಲ್ಕಿನ್‌ಸನ್ ಇದ್ದಾರೆ, ರೇಗನ್ ಕಾಲದವರು. 2008ರ ಹೆಲ್ಲರ್ ತೀರ್ಪು ಗರ್ಭಪಾತದ ರೋ ತೀರ್ಪಿನಷ್ಟೇ ಅತಿ, ಜನಪ್ರತಿನಿಧಿಗಳ ಕೆಲಸವನ್ನ ಕೋರ್ಟು ಕಿತ್ತುಕೊಂಡಿದೆ ಅಂತ ಮರುವರ್ಷವೇ ಲೇಖನ ಬರೆದ ಸಂಪ್ರದಾಯವಾದಿ. ಮೇರಿಲ್ಯಾಂಡ್‌ನ ಎಆರ್-15 ನಿಷೇಧವನ್ನ 2024ರಲ್ಲಿ ಎತ್ತಿಹಿಡಿದ ತೀರ್ಪು ಬರೆದವರು ಅವರೇ. ಅಂಥವರ ಸಂತತಿ ಮುಗೀತಾ ಬಂದಿದೆ.

ಬಸವನಗುಡಿ ಬೆಂಚು

ಆ ಮೇರಿಲ್ಯಾಂಡ್ ಕೇಸು ಸುಪ್ರೀಂ ಕೋರ್ಟಿಗೆ ಹೋಗಲಿಲ್ವಾ?

ಫೀನಿಕ್ಸ್ ಕುಡ್ಲ

ಹೋಯ್ತು. 2025ರ ಜೂನ್ 2ಕ್ಕೆ ಬೇಡ ಅಂದ್ರು. ಕೇಸು ಎತ್ತಿಕೊಳ್ಳಲಿಕ್ಕೆ ಒಂಬತ್ತರಲ್ಲಿ ನಾಲ್ಕು ಜನ ಸಾಕು. ಥಾಮಸ್, ಅಲಿಟೋ, ಗೋರ್ಸಚ್ ತಯಾರಿದ್ರು. ನಾಲ್ಕನೆಯವ ಆಗಬೇಕಿದ್ದದ್ದು ಕವನಾ. 2011ರಲ್ಲಿ ಇದೇ ಬಂದೂಕಿನ ಪರ ಬರೆದವರು! ಅವರು, ಕೆಳಗಿನ ತೀರ್ಪು ಸಂಶಯಾಸ್ಪದ, ಒಂದೆರಡು ವರ್ಷದಲ್ಲಿ ನಾವು ಇದನ್ನು ಎತ್ತಿಕೊಳ್ತೇವೆ ಅಂತ ಒಂದು ಟಿಪ್ಪಣಿ ಬರೆದು ಬಿಟ್ರು. ನಮ್ಮ ಗನ್ ಕ್ಲಬ್ಬಿನಲ್ಲಿ ಆ ದಿನ ಅವರಿಗೆ ಬೈದದ್ದು ಕೇಳ್ಬೇಕಿತ್ತು ನೀವು. ಮೂಸಿ ನೋಡಿ ತಂದ ಮಾವಿನಹಣ್ಣು ಅಂತ ವಕೀಲರು ಹೇಳಿದ್ರಲ್ಲ, ಹಣ್ಣಿಗೂ ಅದರದ್ದೇ ಹೊತ್ತು ಉಂಟು ಮಾರಾಯ್ರೆ.

ಧಾರವಾಡ ವಕೀಲ

ಭೇಷ್! ಒಪ್ಪಿದೆ. ಹಂಗಾದ್ರ ಪದ್ಮಕ್ಕಾರ, ನಿಮ್ಮ ಪ್ರಶ್ನಾಕ್ಕ ನನ್ನ ಉತ್ತರ ಬರ್ಕೊಳ್ರಿ. ದೊಡ್ಡ ಕೇಸಿನಾಗ, ಅಂದ್ರ ಹಕ್ಕಿನ ಅಳತೆ ಎಷ್ಟು ಅಂತ ಕೇಳೋ ಕೇಸಿನಾಗ, ನೇಮಿಸಿದವರ ಪಾರ್ಟಿ ನೋಡಿದ್ರ ಸಾಕು. ಆ ಹಕ್ಕು ಯಾರ ಕೈಗೆ ಸಿಗಬಾರದು ಅಂತ ಕೇಳೋ ಕೇಸಿನಾಗ, ಹೇಂತಿಗೆ ಹೊಡೆದವ, ಗಾಂಜಾ ಸೇದೋನು, ಇಂಥಾವ್ರು ಬಂದಾಗ, ಗೆರಿ ಒಡೀತದ. ಗಾಂಜಾ ಸೇದೋರ ಕೇಸೂ 2025ರ ಅಕ್ಟೋಬರ್‌ದಾಗ ಎತ್ಕೊಂಡಾರ, ಅದೂ ಟೆಕ್ಸಸ್‌ದ. ಅಲ್ಲಿ ಟ್ರಂಪ್ ಸರ್ಕಾರನ ನಿಷೇಧದ ಪರ ನಿಂತದ, ಹವಾಯಿ ಕೇಸಿನಾಗ ನಿಷೇಧದ ವಿರುದ್ಧ. ಅದಕ್ಕ ಸೋಫಾ ಮ್ಯಾಲಿನ ಭವಿಷ್ಯ ಹವಾಯಿಗೆ ನಡೀಬಹುದು, ಗಾಂಜಾ ಕೇಸಿಗೆ ನಡೆಯೋದು ಅನುಮಾನ.

ಪ್ಲೇನೋ ಪದ್ಮ

ನಮ್ಮನೆಯವರಿಗೆ ಇಡೀ ಚರ್ಚೆ ಓದಿ ಹೇಳಿದೆ. "ಹವಾಯಿಗೆ ಆರು ಮೂರು ತಾನೇ, ನಾನೂ ಅದನ್ನೇ ಹೇಳಿದ್ದು" ಅಂತ ಮತ್ತೆ ಟೀವಿ ಕಡೆ ತಿರುಗಿದರು.

ಇವತ್ತು ತೊಗರಿಬೇಳೆ ತರೋಕೆ ಹೋದಾಗ ಅಂಗಡಿಯವರನ್ನ ಕೇಳಿಯೇಬಿಟ್ಟೆ, ಅಣ್ಣ, ಆ ಬೋರ್ಡು ಯಾವಾಗ ಹಾಕಿಸಿದ್ದು, ಏನಾದ್ರೂ ಆಗಿತ್ತಾ ಅಂತ. ಅವರು ಕೌಂಟರ್ ಬಿಟ್ಟು ಬಂದು, ಕನ್ನಡಕ ಮೇಲೇರಿಸಿ, ತಮ್ಮದೇ ಬಾಗಿಲನ್ನ ಹೊರಗಿನಿಂದ ಓದಿದರು. "ನಾನು ಅಂಗಡಿ ತಗೊಂಡಾಗಲೇ ಇತ್ತಮ್ಮ, ಪಾರ್ಕಿಂಗ್‌ದು ಅಂದ್ಕೊಂಡಿದ್ದೆ" ಅಂದ್ರು. ಆಮೇಲೆ ಕರಿಬೇವಿನ ಚೀಟಿಯನ್ನ ಬೋರ್ಡಿಗೆ ಅಡ್ಡ ಬರದ ಹಾಗೆ ಸ್ವಲ್ಪ ಕೆಳಗೆ ಅಂಟಿಸಿದರು.